ಪೂರ್ಣಬದ್ಧ ಘಟಕ: ರಸ್ತೆಯ ಅಡ್ಡಕೊಯ್ತದ ರಚನೆಯಲ್ಲಿ ಬಿಂದುಗಳ ಆಶ್ರಯವಿಚಾರ

ರಸ್ತೆಯೊಂದನ್ನು ಅಡ್ಡಲಾಗಿ ಕೊಯ್ದು ನೋಡಿದರೆ ಕಾಣುವ ಆಕೃತಿಗೆ ಅಡ್ಡಕೊಯ್ತವೆಂದು ಹೆಸರು. ಮೇಲೆ ಡಾಂಬರಿನ ಪದರು, ಅದರ ಕೆಳಗೆ ಜಲ್ಲಿಯ ಪದರುಗಳು, ಎರಡು ಪಕ್ಕಗಳಲ್ಲಿಯೂ ಬದಿಪಟ್ಟಿಗಳು, ಅಲ್ಲಿಂದ ನೆಲಕ್ಕಿಳಿಯುವ ಏರಿಯ ಇಳಿಜಾರು, ಅದರಾಚೆಗೆ ಚರಂಡಿ. ಇವಿಷ್ಟೂ ಆ ಆಕೃತಿಯಲ್ಲಿ ಅಡಗಿರುತ್ತವೆ. ಇಂದಿನ ಎಂಜಿನಿಯರರು ಈ ಆಕೃತಿಯನ್ನು ಗಣಕಯಂತ್ರದಲ್ಲಿ ಒಮ್ಮೆ ರಚಿಸಿ, ಅದನ್ನೇ ರಸ್ತೆಯ ಮಧ್ಯರೇಖೆಯುದ್ದಕ್ಕೂ ನಡೆಯಿಸಿ, ಹತ್ತಾರು ಕಿಲೋಮೀಟರುಗಳ ರಸ್ತೆಯ ನಕ್ಷೆಯನ್ನು ಪಡೆಯುವರು. ಒಮ್ಮೆ ರಚಿಸಿದ ಆಕೃತಿಯು ಬೇರೊಂದು ತಿರುವಿಗೂ ಬೇರೊಂದು ರಸ್ತೆಗೂ ಕೆಡದೆ ಒದಗಬೇಕಾದರೆ ಅದನ್ನು ಹೇಗೆ ಕಟ್ಟತಕ್ಕದ್ದು ಎಂಬುದೇ ಪ್ರಸ್ತುತ ಲೇಖನದ ವಿಷಯವಾಗಿದೆ.

ಇತಿಹಾಸ ವಿಭಾಗದ ವಾರ್ಷಿಕ ಸಂಚಿಕೆಯಲ್ಲಿ ಇಂಥ ವಿಷಯಕ್ಕೆ ಎಡೆಯೆಲ್ಲಿಯದು ಎಂದು ವಾಚಕರು ಕೇಳಬಹುದು. ಶಾಸನ, ನಾಣ್ಯ, ಕಡತ ಇವುಗಳನ್ನು ಆಧಾರಗಳೆಂದು ಎಣಿಸುವಂತೆ ನಕ್ಷೆಯನ್ನೂ ನಾವು ಆಧಾರವೆಂದೇ ಎಣಿಸುತ್ತೇವೆ. ಒಂದು ಕಾಲದ ಜನರು ದಾರಿಯನ್ನು ಯಾರಿಗಾಗಿ, ಎಷ್ಟು ಅಗಲವಾಗಿ, ಯಾವುದನ್ನು ಬಿಟ್ಟುಕೊಟ್ಟು ನಿರ್ಮಿಸಿದರೆಂಬುದನ್ನು ಅವರ ನಕ್ಷೆಗಳೇ ಹೇಳುತ್ತವೆ. ನಮ್ಮ ಕಾಲದ ನಕ್ಷೆಗಳು ಕಾಗದವನ್ನು ಬಿಟ್ಟು ಯಂತ್ರವನ್ನು ಸೇರಿರುವುದರಿಂದ, ಆ ನಿರ್ಣಯಗಳು ಗೆರೆಗಳಲ್ಲಿ ಕಾಣದೆ ಗೆರೆಗಳ ಹಿಂದಿನ ಸಂಬಂಧಗಳಲ್ಲಿ ಅಡಗಿ ಕುಳಿತಿವೆ. ಅವನ್ನು ಓದಲು ಕಲಿಯುವುದು ಇತಿಹಾಸದ ವಿದ್ಯಾರ್ಥಿಗೂ ಅಗತ್ಯವೆಂದು ತಿಳಿದು, ಎಂಜಿನಿಯರ್ ಮಿತ್ರರೊಬ್ಬರ ಬಳಿ ನಾವು ಈ ವಿದ್ಯೆಯನ್ನು ಸ್ವಲ್ಪಮಟ್ಟಿಗೆ ಅಭ್ಯಾಸ ಮಾಡಿದೆವು. ಆ ಅಭ್ಯಾಸದಲ್ಲಿ ನಾವು ಮಾಡಿದ ತಪ್ಪೊಂದು ಈ ಲೇಖನಕ್ಕೆ ಪ್ರೇರಣೆ.

೧. ಮಾರ್ಗವೂ ಮಣ್ಣೂ

ಅಭ್ಯಾಸಕ್ಕೆ ನಾವು ಆರಿಸಿಕೊಂಡ ಸ್ಥಳ ತುಳಸಿಗೇರಿ. ಇದು ಬಾಗಲಕೋಟೆಯಿಂದ ಕಲಾದಗಿಯ ಕಡೆಗೆ ಹೋಗುವ ಮಾರ್ಗದಲ್ಲಿರುವ ಗ್ರಾಮ. ಕಲಾದಗಿಯು ೧೮೮೫ರ ವರೆಗೆ ಜಿಲ್ಲೆಯ ಮುಖ್ಯಸ್ಥಳವಾಗಿದ್ದಿತು. ಆ ವರ್ಷ ಆ ಸ್ಥಾನವು ಬಿಜಾಪುರಕ್ಕೆ ಹೋಯಿತು. ೧೯೯೭ರಲ್ಲಿ ಬಾಗಲಕೋಟೆಯೇ ಪ್ರತ್ಯೇಕ ಜಿಲ್ಲೆಯಾಯಿತು. ಆಡಳಿತದ ಕೇಂದ್ರಗಳು ಹೀಗೆ ಬದಲಾದರೂ ತುಳಸಿಗೇರಿಯ ಹನುಮಪ್ಪನ ಗುಡಿಗೆ ಬರುವ ಜನ ಮಾತ್ರ ಬದಲಾಗಲಿಲ್ಲ. ಶನಿವಾರಗಳಲ್ಲಿಯೂ ಉತ್ಸವದ ದಿನಗಳಲ್ಲಿಯೂ ಸುತ್ತಣ ಹಳ್ಳಿಗಳಿಂದ ಅನೇಕರು ಕಾಲ್ನಡಿಗೆಯಲ್ಲಿಯೇ ಬರುವರು. ಅದೇ ಮಾರ್ಗದಲ್ಲಿ ಬಸ್ಸು, ಲಾರಿ, ಕಬ್ಬು ಹೇರಿದ ಟ್ರ್ಯಾಕ್ಟರುಗಳೂ ಸಂಚರಿಸುತ್ತವೆ.

ಈ ಸೀಮೆಯ ಎರೆಮಣ್ಣಿನ ಸ್ವಭಾವವನ್ನೂ ಇಲ್ಲಿ ನೆನೆಯಬೇಕು. ಮಳೆಗಾಲದಲ್ಲಿ ಅದು ನೀರು ಕುಡಿದು ಉಬ್ಬುವುದು, ಬೇಸಗೆಯಲ್ಲಿ ಒಣಗಿ ಬಿರಿಯುವುದು. ಅದರ ಮೇಲೆ ನೇರವಾಗಿ ಹಾಸಿದ ರಸ್ತೆ ಬಹುಕಾಲ ಬಾಳದು. ಆದಕಾರಣ ನಡುವೆ ಗರಸಿನಂಥ ಉಬ್ಬದ ಮಣ್ಣಿನ ಪದರನ್ನು ಹಾಕುವುದೂ, ಮೇಲೆ ಬಿದ್ದ ನೀರು ನಿಲ್ಲದೆ ಎರಡು ಪಕ್ಕಕ್ಕೂ ಹರಿದು ಹೋಗುವಂತೆ ರಸ್ತೆಯ ಬೆನ್ನನ್ನು ಇಳಿಜಾರಾಗಿ ಮಾಡುವುದೂ ಇಲ್ಲಿ ಅನಿವಾರ್ಯ. ಈ ಅಡ್ಡ ಇಳಿಜಾರಿಗೆ ಕ್ಯಾಂಬರ್ ಎನ್ನುವರು.

೧೯೩೪ರಲ್ಲಿ ಸ್ಥಾಪಿತವಾದ ಇಂಡಿಯನ್ ರೋಡ್ಸ್ ಕಾಂಗ್ರೆಸ್ಸು ಗ್ರಾಮಾಂತರ ಹೆದ್ದಾರಿಗಳ ಆಕಾರವನ್ನು ಕುರಿತು ೧೯೮೦ರಲ್ಲಿ ಹೊರತಂದ ೭೩ನೆಯ ಸಂಹಿತೆಯಲ್ಲಿ ಬಯಲುನಾಡಿನ ರಾಜ್ಯ ಹೆದ್ದಾರಿಗೆ ಒಟ್ಟು ೧೨ ಮೀಟರ್ ಅಗಲವನ್ನೂ, ಎರಡು ಸಾಲಿನ ವಾಹನಪಥಕ್ಕೆ ೭ ಮೀಟರ್ ಅಗಲವನ್ನೂ ವಿಧಿಸಿದೆ. ಉಳಿದ ೫ ಮೀಟರನ್ನು ಎರಡು ಪಾಲು ಮಾಡಿದರೆ ಒಂದೊಂದು ಬದಿಪಟ್ಟಿಗೆ ಎರಡೂವರೆ ಮೀಟರ್ ಸಿಕ್ಕುವುದು. ಎಂಜಿನಿಯರರು ಶೋಲ್ಡರ್ ಎಂದು ಕರೆಯುವ ಈ ಪಟ್ಟಿ ಕೆಟ್ಟುನಿಂತ ವಾಹನಕ್ಕೆ ತಂಗುವ ಎಡೆಯಾಗುವುದು. ನಡೆದು ಬರುವವನಿಗಾದರೋ ಅದೇ ದಾರಿ. ಮುಂದೆ ನಾವು ಬಳಸುವ ಅಳತೆಗಳು ಈ ಸಂಹಿತೆಯನ್ನು ಅನುಸರಿಸಿ ಅಭ್ಯಾಸಕ್ಕಾಗಿ ಕಲ್ಪಿಸಿಕೊಂಡವೇ ಹೊರತು, ಈಗಿರುವ ರಸ್ತೆಯ ಅಳತೆಗಳೂ ಅಲ್ಲ, ಯಾವ ಇಲಾಖೆಯ ಯೋಜನೆಯೂ ಅಲ್ಲ.

೨. ಪಟ್ಟದಕಲ್ಲಿನ ನಿದರ್ಶನ

ಒಂದೇ ಅಡ್ಡಕೊಯ್ತವನ್ನು ಉದ್ದಕ್ಕೂ ನಡೆಯಿಸುವ ಉಪಾಯ ನಮ್ಮ ನಾಡಿಗೆ ಹೊಸದಲ್ಲ. ಇದೇ ಜಿಲ್ಲೆಯ ಪಟ್ಟದಕಲ್ಲಿನಲ್ಲಿ, ಇಮ್ಮಡಿ ವಿಕ್ರಮಾದಿತ್ಯನ ರಾಣಿ ಲೋಕಮಹಾದೇವಿಯು ಎಂಟನೆಯ ಶತಮಾನದಲ್ಲಿ ಕಟ್ಟಿಸಿದ ವಿರೂಪಾಕ್ಷ ದೇವಾಲಯದ ಅಧಿಷ್ಠಾನವನ್ನು ನೋಡಿರಿ. ಗೋಡೆಯ ಬುಡದಲ್ಲಿ ಒಂದರ ಮೇಲೊಂದು ಅಚ್ಚುಗಳ ಸಾಲು. ಗೋಡೆಯು ಎಲ್ಲಿ ಮುಂದಕ್ಕೆ ಚಾಚಿದೆಯೋ ಅಲ್ಲಿ ಅಚ್ಚುಗಳೂ ಚಾಚುತ್ತವೆ. ಎಲ್ಲಿ ಹಿಂದಕ್ಕೆ ಸರಿದಿದೆಯೋ ಅಲ್ಲಿ ಅವೂ ಸರಿಯುತ್ತವೆ. ಶಿಲ್ಪಿಯು ಪ್ರತಿಯೊಂದು ಮೂಲೆಗೂ ಬೇರೆ ಆಕೃತಿಯನ್ನು ಕಲ್ಪಿಸಲಿಲ್ಲ. ಒಂದು ಆಕೃತಿಯನ್ನು ನಿಶ್ಚಯಿಸಿಕೊಂಡು ಅದನ್ನು ತಳವಿನ್ಯಾಸದ ರೇಖೆಯ ಮೇಲೆ ನಡೆಯಿಸಿದನು. ಆ ದೇವಾಲಯದ ಶಿಲ್ಪಿ ಗುಂಡ ಅನಿವಾರಿತಾಚಾರಿಯ ಹೆಸರೂ ಬಿರುದೂ ಅಲ್ಲಿಯ ಶಾಸನದಲ್ಲಿವೆ. ಅವನು ಬಳಸಿದ ಅಳತೆಯ ಪಟ್ಟಿ ನಮಗೆ ಉಳಿದುಬಂದಿಲ್ಲ. ಆದರೆ ಮಯಮತ, ಮಾನಸಾರಗಳಂಥ ವಾಸ್ತುಗ್ರಂಥಗಳು ಈ ಬಗೆಯ ವಿಧಾನವನ್ನು ವಿವರಿಸುತ್ತವೆ. ಅವು ಅಧಿಷ್ಠಾನದ ಎತ್ತರವನ್ನು ಇಷ್ಟು ಭಾಗಗಳೆಂದು ಹಂಚಿ, ಇಂಥ ಅಚ್ಚಿಗೆ ಇಷ್ಟು ಭಾಗವೆಂದು ಹೇಳುತ್ತವೆ. ಒಟ್ಟು ಎತ್ತರ ಬದಲಾದರೆ ಪ್ರತಿಯೊಂದು ಅಚ್ಚೂ ತನ್ನ ಪಾಲಿನಂತೆ ಬದಲಾಗುವುದು. ಹೀಗೆ ಒಂದು ಭಾಗದ ಸ್ಥಾನವನ್ನು ಮತ್ತೊಂದರ ಸಂಬಂಧದಿಂದ ಹೇಳುವುದೇ ನಾವು ವಿವರಿಸಲಿರುವ ವಿದ್ಯೆಯ ತಿರುಳು.

೩. ಗಣಕಯಂತ್ರದಲ್ಲಿ ರೇಖೆ

ಕಾಗದದ ನಕ್ಷೆಯಲ್ಲಿ ಗೆರೆಗೆ ನೆನಪಿಲ್ಲ. ವಾಹನಪಥದ ಅಂಚನ್ನು ಅಳಿಸಿ ಹೊರಕ್ಕೆ ಬರೆದರೆ, ಅದಕ್ಕೆ ತಾಗಿದ್ದ ಬದಿಪಟ್ಟಿಯ ಗೆರೆಯು ಇದ್ದಲ್ಲಿಯೇ ಇರುವುದು. ಅದನ್ನೂ ಬರೆಯುವವನೇ ತಿದ್ದಬೇಕು. ಯಂತ್ರವು ಈ ಸ್ಥಿತಿಯನ್ನು ಬದಲಾಯಿಸಿತು. ಅಮೆರಿಕದ ಮ್ಯಾಸಚುಸೆಟ್ಸ್ ತಾಂತ್ರಿಕ ಸಂಸ್ಥೆಯ ಚಾರ್ಲ್ಸ್ ಮಿಲ್ಲರ್ ಮತ್ತು ಲಾಫ್ಲಾಮ್ ಎಂಬವರು ೧೯೫೮ರಲ್ಲಿ ನೆಲದ ಏರುತಗ್ಗುಗಳನ್ನು ಅಂಕಿಗಳ ರೂಪದಲ್ಲಿ ಯಂತ್ರಕ್ಕೆ ಒಪ್ಪಿಸಿ ಹೆದ್ದಾರಿಯ ರಚನೆಗೆ ಬಳಸುವ ಕ್ರಮವನ್ನು ಪ್ರತಿಪಾದಿಸಿದರು. ೧೯೬೩ರಲ್ಲಿ ಅದೇ ಸಂಸ್ಥೆಯಲ್ಲಿ ಐವಾನ್ ಸದರ್‌ಲ್ಯಾಂಡ್ ಎಂಬವರು ತಮ್ಮ ಡಾಕ್ಟರೇಟ್ ಪ್ರಬಂಧವಾಗಿ 'ಸ್ಕೆಚ್‌ಪ್ಯಾಡ್' ಎಂಬ ವ್ಯವಸ್ಥೆಯನ್ನು ಸಾದರಪಡಿಸಿದರು. ಅದರಲ್ಲಿ ಬೆಳಕಿನ ಲೇಖನಿಯಿಂದ ಪರದೆಯ ಮೇಲೆ ಗೆರೆ ಎಳೆದು, ಈ ಎರಡು ಗೆರೆಗಳು ಸಮಾಂತರವಾಗಿರಲಿ, ಈ ಎರಡು ಉದ್ದಗಳು ಸಮವಾಗಿರಲಿ ಎಂದು ವಿಧಿಸಬಹುದಾಗಿದ್ದಿತು. ಅಲ್ಲದೆ ಒಂದು ಮೂಲಚಿತ್ರವನ್ನು ಬರೆದು ಅದರ ಪ್ರತಿರೂಪಗಳನ್ನು ಬೇಕಾದಲ್ಲಿ ಇಡಬಹುದಾಗಿದ್ದಿತು. ಮೂಲವನ್ನು ತಿದ್ದಿದರೆ ಪ್ರತಿರೂಪಗಳೆಲ್ಲ ತಿದ್ದಿಕೊಳ್ಳುತ್ತಿದ್ದವು. ನಿರ್ಬಂಧ ಮತ್ತು ಮರುಬಳಕೆ ಎಂಬ ಎರಡು ಕಲ್ಪನೆಗಳು ಹೀಗೆ ಒಂದೇ ಕೃತಿಯಲ್ಲಿ ಒಟ್ಟಿಗೆ ಕಾಣಿಸಿಕೊಂಡುದು ಆಕಸ್ಮಿಕವಲ್ಲ. ನಿರ್ಬಂಧವಿಲ್ಲದ ಆಕೃತಿಯನ್ನು ನಕಲು ಮಾಡಬಹುದಲ್ಲದೆ, ಬೇರೊಂದು ಸಂದರ್ಭಕ್ಕೆ ಹೊಂದಿಸಿ ಬಳಸುವುದು ಸಾಧ್ಯವಿಲ್ಲ.

ಇಂದು ರಸ್ತೆಗಳ ರಚನೆಗೆ ಬಳಕೆಯಲ್ಲಿರುವ ತಂತ್ರಾಂಶಗಳಲ್ಲಿ, ೧೯೮೪ರಲ್ಲಿ ಸ್ಥಾಪಿತವಾದ ಬೆಂಟ್ಲಿ ಸಿಸ್ಟಮ್ಸ್ ಸಂಸ್ಥೆಯ ಓಪನ್‌ರೋಡ್ಸ್ ಡಿಸೈನರ್ ಒಂದು. ನಾವು ಅಭ್ಯಾಸ ಮಾಡಿದುದು ಇದರಲ್ಲಿಯೇ. ಅದರಲ್ಲಿ ಇಡೀ ಅಡ್ಡಕೊಯ್ತಕ್ಕೆ ಟೆಂಪ್ಲೇಟ್ ಎಂದು ಹೆಸರು. ಅದರೊಳಗಿನ ಒಂದೊಂದು ಪದರು, ಪಟ್ಟಿ, ಇಳಿಜಾರು ಒಂದೊಂದು ಘಟಕ. ಘಟಕದ ಮೂಲೆಗಳು ಬಿಂದುಗಳು.

೪. ಬಿಂದುವಿಗೆ ಎರಡು ನಿರ್ಬಂಧ

ಅಡ್ಡಕೊಯ್ತವು ಸಮತಲದಲ್ಲಿರುವ ಚಿತ್ರವಾದುದರಿಂದ ಅದರಲ್ಲಿ ಬಿಂದುವೊಂದು ಎರಡೇ ರೀತಿಯಲ್ಲಿ ಕದಲಬಲ್ಲುದು: ಪಕ್ಕಕ್ಕೆ, ಮತ್ತು ಮೇಲೆ ಕೆಳಗೆ. ಆದುದರಿಂದ ಅದರ ಸ್ಥಾನವನ್ನು ನಿಶ್ಚಯಿಸಲು ಎರಡು ನಿರ್ಬಂಧಗಳು ಬೇಕು, ಎರಡೇ ಸಾಕು. ಒಂದು ನಿರ್ಬಂಧವೆಂದರೆ, ಮತ್ತೊಂದು ಬಿಂದುವಿಗೂ ಇದಕ್ಕೂ ಇರುವ ಸಂಬಂಧದ ಹೇಳಿಕೆ: ಅದರಿಂದ ಇಷ್ಟು ಪಕ್ಕಕ್ಕೆ, ಅದರಿಂದ ಇಷ್ಟು ಕೆಳಕ್ಕೆ, ಅದರಿಂದ ಇಂಥ ಇಳಿಜಾರಿನಲ್ಲಿ, ಇತ್ಯಾದಿ. ಯಾವ ಬಿಂದುವಿನಿಂದ ಅಳೆಯುತ್ತೇವೆಯೋ ಅದನ್ನು ನಾವು ಆಶ್ರಯಬಿಂದುವೆಂದು ಕರೆಯೋಣ. ಆಶ್ರಯವು ಕದಲಿದರೆ ಆಶ್ರಿತವೂ ಅದರೊಡನೆ ಕದಲುವುದು.

ತಂತ್ರಾಂಶವು ಬಿಂದುವಿನ ಸ್ಥಿತಿಯನ್ನು ಬಣ್ಣದಿಂದ ಸೂಚಿಸುತ್ತದೆ. ನಿರ್ಬಂಧವೇ ಇಲ್ಲದ ಮುಕ್ತಬಿಂದು ಹಸುರು. ಒಂದು ನಿರ್ಬಂಧವಿರುವ ಅರ್ಧಬದ್ಧಬಿಂದು ಹಳದಿ. ಎರಡೂ ಇರುವ ಪೂರ್ಣಬದ್ಧಬಿಂದು ಕೆಂಪು. ಘಟಕದ ಎಲ್ಲ ಬಿಂದುಗಳೂ ಕೆಂಪಾಗಿದ್ದರೆ ಆ ಘಟಕವು ಪೂರ್ಣಬದ್ಧ. ಹಳದಿಯ ಬಿಂದು ಉಳಿದಿದ್ದರೆ, ನಕ್ಷೆಯು ಮೊದಲಿಗೆ ಸರಿಯಾಗಿಯೇ ಕಾಣಬಹುದು. ಒಂದು ಅಳತೆ ಬದಲಾದೊಡನೆ ಆ ಬಿಂದು ಹಿಂದುಳಿದು, ಪದರು ತಿರುಚಿ, ಮೂಲೆ ಮೂಲೆಯನ್ನು ದಾಟಿಹೋಗುವುದು. ಇನ್ನು ಆಶ್ರಯಗಳು ಚಕ್ರಾಕಾರವಾಗಿಯೂ ಇರಕೂಡದು. ಒಂದು ಬಿಂದು ಎರಡನೆಯದನ್ನೂ, ಎರಡನೆಯದು ಮೂರನೆಯದನ್ನೂ, ಮೂರನೆಯದು ಮರಳಿ ಮೊದಲಿನದನ್ನೂ ಆಶ್ರಯಿಸಿದರೆ ಯಾವುದಕ್ಕೂ ನೆಲೆಯಿಲ್ಲದಂತಾಗುವುದು. ಆಶ್ರಯಗಳ ಸರಣಿಯು ವಂಶವೃಕ್ಷದಂತೆ ಒಂದೇ ಮೂಲದಿಂದ ಕೆಳಗಿಳಿದು ಬರಬೇಕು.

೫. ರಚನಾಕ್ರಮ

ಬಲಪಕ್ಕದ ಅರ್ಧಭಾಗವನ್ನು ಕಟ್ಟೋಣ. ಎಡಭಾಗವು ಅದರ ಕನ್ನಡಿಬಿಂಬ. ಮಧ್ಯರೇಖೆಯ ಮೇಲಿರುವ ಬಿಂದುವನ್ನು 'ಕ' ಎನ್ನೋಣ. ಇದೇ ವಂಶದ ಮೂಲ. ಇದು ರಸ್ತೆಯ ಮಧ್ಯರೇಖೆಯನ್ನೂ ಅದರ ಎತ್ತರವನ್ನೂ ಅನುಸರಿಸುವುದು. ವಾಹನಪಥದ ಅಂಚು 'ಚ'. ಇದು ಕ-ದಿಂದ ೩.೫ ಮೀಟರ್ ಪಕ್ಕಕ್ಕಿರಲಿ; ಕ-ದಿಂದ ನೂರಕ್ಕೆ ಎರಡೂವರೆಯಂತೆ ಇಳಿಯಲಿ. ಇವೇ ಅದರ ಎರಡು ನಿರ್ಬಂಧಗಳು. ಲೆಕ್ಕ ಮಾಡಿದರೆ ಅಂಚು ಮಧ್ಯಕ್ಕಿಂತ ಸುಮಾರು ೮.೭೫ ಸೆಂಟಿಮೀಟರ್ ತಗ್ಗಿನಲ್ಲಿರುವುದು. ಆ ಅಳತೆಯನ್ನು ನಾವು ಬರೆಯಬೇಕಾಗಿಲ್ಲ. ಇಳಿಜಾರನ್ನು ಹೇಳಿದರೆ ಅದು ತಾನಾಗಿ ದೊರೆಯುವುದು. ಪಥ ಅಗಲವಾದರೆ ತಗ್ಗೂ ಅದಕ್ಕೆ ತಕ್ಕಂತೆ ಹೆಚ್ಚುವುದು. ಇದರ ಬದಲು 'ಕ-ದಿಂದ ೮.೭೫ ಸೆಂಟಿಮೀಟರ್ ಕೆಳಗೆ' ಎಂದು ಬರೆದಿದ್ದರೂ ಇಂದಿನ ನಕ್ಷೆಯಲ್ಲಿ ವ್ಯತ್ಯಾಸ ಕಾಣುತ್ತಿರಲಿಲ್ಲ. ಪಥವನ್ನು ಅಗಲಿಸಿದಾಗ ಮಾತ್ರ ಇಳಿಜಾರು ಕುಗ್ಗಿ ನೀರು ನಿಧಾನವಾಗುತ್ತಿದ್ದಿತು. ಎರೆಮಣ್ಣಿನ ಸೀಮೆಯಲ್ಲಿ ಇದು ಅಲಕ್ಷಿಸತಕ್ಕ ಮಾತಲ್ಲ.

ಬದಿಪಟ್ಟಿಯ ಹೊರ ಅಂಚು 'ಟ'. ಅದು ಚ-ದಿಂದ ೨.೫ ಮೀಟರ್ ಪಕ್ಕಕ್ಕೆ, ನೂರಕ್ಕೆ ಮೂರರ ಇಳಿಜಾರಿನಲ್ಲಿರಲಿ. ಪಥದಿಂದ ಬಂದ ನೀರು ಮಣ್ಣಿನ ಪಟ್ಟಿಯ ಮೇಲೆ ನಿಲ್ಲದಿರಲೆಂದು ಇಲ್ಲಿ ಇಳಿಜಾರು ಸ್ವಲ್ಪ ಹೆಚ್ಚು. ಟ-ದಿಂದಾಚೆಗೆ ಏರಿಯ ಇಳಿಜಾರು: ಒಂದು ಪಾಲು ಇಳಿಯಲು ಎರಡು ಪಾಲು ಪಕ್ಕಕ್ಕೆ. ಇದರ ಕೊನೆಯ ಬಿಂದು ಎಲ್ಲಿ ಎಂಬುದನ್ನು ನಾವು ಹೇಳುವುದಿಲ್ಲ. ನೆಲವನ್ನು ಮುಟ್ಟುವವರೆಗೆ ಹೋಗೆಂದು ಹೇಳುತ್ತೇವೆ. ಟ-ದಿಂದ ನೆಲವು ೧.೨ ಮೀಟರ್ ಕೆಳಗಿದ್ದು ಸಮತಟ್ಟಾಗಿದ್ದರೆ ಆ ಬಿಂದು ೨.೪ ಮೀಟರ್ ಆಚೆಗೆ ಬೀಳುವುದು. ನೆಲವು ಎತ್ತರದಲ್ಲಿದ್ದರೆ ಏರಿಯ ಬದಲು ಚರಂಡಿಯೂ ಅಗೆತದ ಇಳಿಜಾರೂ ಬರುವಂತೆ ಎರಡನೆಯ ಪರ್ಯಾಯವನ್ನು ಅನುಕ್ರಮವಾಗಿ ಕೊಟ್ಟಿರಬೇಕು.

ಇನ್ನು ಪದರುಗಳು. ಡಾಂಬರು, ಜಲ್ಲಿಗಳೆಲ್ಲ ಸೇರಿ ಅರ್ಧ ಮೀಟರ್ ದಪ್ಪವೆಂದು ಇಟ್ಟುಕೊಳ್ಳೋಣ. ಕ-ದ ಕೆಳಗಿನ ಬಿಂದು 'ತ', ಚ-ದ ಕೆಳಗಿನದು 'ಪ'. ತ-ವು ಕ-ವನ್ನು, ಪ-ವು ಚ-ವನ್ನು ಆಶ್ರಯಿಸಿ, ಪಕ್ಕಕ್ಕೆ ಸೊನ್ನೆ, ಕೆಳಕ್ಕೆ ಅರ್ಧ ಮೀಟರ್ ಎಂದು ಬದ್ಧವಾಗಲಿ. ಈ ಆಶ್ರಯವನ್ನು ಬದಲಾಯಿಸಿದರೆ ಏನಾಗುವುದೆಂಬುದನ್ನು ಒಂದು ತಿರುವಿನಲ್ಲಿ ನೋಡಬಹುದು. ತಿರುವಿನಲ್ಲಿ ವಾಹನವು ಹೊರಕ್ಕೆ ಜಾರದಂತೆ ರಸ್ತೆಯ ಹೊರ ಅಂಚನ್ನು ಎತ್ತುವುದುಂಟು. ವೇಗದ ವರ್ಗವನ್ನು, ತಿರುವಿನ ತ್ರಿಜ್ಯವನ್ನು ೨೨೫ರಿಂದ ಗುಣಿಸಿ ಬಂದ ಮೊತ್ತದಿಂದ ಭಾಗಿಸಿದರೆ ಎತ್ತಬೇಕಾದ ಪ್ರಮಾಣ ಬರುವುದೆಂದು ಮೇಲೆ ಹೇಳಿದ ಸಂಹಿತೆಯ ಸೂತ್ರ. ಬಯಲುನಾಡಿನಲ್ಲಿ ಅದು ನೂರಕ್ಕೆ ಏಳನ್ನು ಮೀರಕೂಡದು. ಗಂಟೆಗೆ ೮೦ ಕಿಲೋಮೀಟರ್ ವೇಗ, ೫೦೦ ಮೀಟರ್ ತ್ರಿಜ್ಯವಿದ್ದರೆ ನೂರಕ್ಕೆ ಸುಮಾರು ೫.೭ ಬರುವುದು. ಆಗ ಹೊರ ಅಂಚು ಮಧ್ಯಕ್ಕಿಂತ ೨೦ ಸೆಂಟಿಮೀಟರ್ ಮೇಲಕ್ಕೇಳುವುದು, ಒಳ ಅಂಚು ಅಷ್ಟೇ ಕೆಳಗಿಳಿಯುವುದು. ಪ-ವು ಚ-ವನ್ನು ಆಶ್ರಯಿಸಿದ್ದರೆ ತಳವೂ ಅದರೊಡನೆ ವಾಲಿ ದಪ್ಪವು ಅರ್ಧ ಮೀಟರಾಗಿಯೇ ಉಳಿಯುವುದು. ಹಾಗಲ್ಲದೆ ಪ-ವನ್ನು 'ತ-ದಿಂದ ನೂರಕ್ಕೆ ಎರಡೂವರೆ ಇಳಿಜಾರು' ಎಂದು ಕಟ್ಟಿದ್ದರೆ, ಮೇಲ್ಮೈ ವಾಲಿದರೂ ತಳವು ಹಳೆಯ ಇಳಿಜಾರಿನಲ್ಲಿಯೇ ನಿಲ್ಲುವುದು. ಹೊರ ಅಂಚಿನಲ್ಲಿ ದಪ್ಪವು ಸುಮಾರು ೭೯ ಸೆಂಟಿಮೀಟರ್, ಒಳ ಅಂಚಿನಲ್ಲಿ ಕೇವಲ ೩೯! ಒಂದು ಕಡೆ ಜಲ್ಲಿ ವ್ಯರ್ಥ. ಮತ್ತೊಂದು ಕಡೆ ರಸ್ತೆ ದುರ್ಬಲ. ನೇರ ರಸ್ತೆಯಲ್ಲಿ ಈ ಎರಡು ರಚನೆಗಳ ನಡುವೆ ಕೂದಲೆಳೆಯಷ್ಟೂ ಭೇದವಿಲ್ಲವೆಂಬುದನ್ನು ಗಮನಿಸಬೇಕು.

೬. ಕೆಂಪು ಬಣ್ಣದ ಭರವಸೆ

ನಮ್ಮ ತಪ್ಪನ್ನು ಹೇಳುವ ಸಂದರ್ಭ ಈಗ ಬಂದಿತು. ಮೊದಲನೆಯ ಸಲ ಬದಿಪಟ್ಟಿಯನ್ನು ರಚಿಸಿದಾಗ ನಾವು ಟ-ದ ಇಳಿಜಾರನ್ನು ಚ-ದಿಂದಲೇ ಹೇಳಿದ್ದೆವು. ಆದರೆ ಅದರ ದೂರವನ್ನು ಮಧ್ಯಬಿಂದುವಾದ ಕ-ದಿಂದ ಅಳೆದು ೬ ಮೀಟರ್ ಎಂದು ಬರೆದಿದ್ದೆವು. ೩.೫ಕ್ಕೆ ೨.೫ ಕೂಡಿದರೆ ೬ ತಾನೆ? ಲೆಕ್ಕದಲ್ಲಿ ತಪ್ಪಿರಲಿಲ್ಲ. ಎಲ್ಲ ಬಿಂದುಗಳೂ ಕೆಂಪಾಗಿದ್ದವು. ಘಟಕವು ಪೂರ್ಣಬದ್ಧವಾಯಿತೆಂದು ನಾವು ಸಂತೋಷಪಟ್ಟು, ಅದನ್ನು ಕಲ್ಪಿತ ಮಾರ್ಗದ ಮೇಲೆ ನಡೆಯಿಸಿದೆವು. ಅನಂತರ ಗುಡಿಯ ಕಡೆಗೆ ವಾಹನಗಳು ತಿರುಗುವ ಸ್ಥಳದಲ್ಲಿ ಮೂರನೆಯ ಸಾಲು ಬೇಕೆಂದು ವಾಹನಪಥವನ್ನು ೭ ಮೀಟರಿನಿಂದ ಹತ್ತೂವರೆಗೆ ಅಗಲಿಸಿದೆವು. ಅಂದರೆ ಚ-ವು ೩.೫ರಿಂದ ೫.೨೫ಕ್ಕೆ ಸರಿಯಿತು. ಯಂತ್ರವು ಯಾವ ಎಚ್ಚರಿಕೆಯನ್ನೂ ಕೊಡಲಿಲ್ಲ. ಡಾಂಬರು ಅಗಲವಾಯಿತು, ಪದರುಗಳು ಒಪ್ಪವಾಗಿ ಹಿಂಬಾಲಿಸಿದವು, ಏರಿಯು ನೆಲವನ್ನು ಸರಿಯಾಗಿ ಮುಟ್ಟಿತು. ಚಿತ್ರವು ನೋಡಲು ಸೊಗಸಾಗಿದ್ದಿತು.

ಆ ಚಿತ್ರವನ್ನು ತರಗತಿಯಲ್ಲಿ ತೋರಿಸಿದಾಗ ಆ ಭಾಗದಿಂದ ಬರುವ ವಿದ್ಯಾರ್ಥಿಯೊಬ್ಬನು ಬಹಳ ಹೊತ್ತು ನೋಡಿ, "ಹನಮಪ್ಪಗ ನಡಕೋತ ಬರೋ ಮಂದಿ ಎಲ್ಲಿ ನಡೀಬೇಕ್ರಿ ಸರ್?" ಎಂದು ಕೇಳಿದನು. ನಾವು ಅಳೆದು ನೋಡಿದೆವು. ಟ-ವು ಮಧ್ಯದಿಂದ ೬ ಮೀಟರಿನಲ್ಲಿಯೇ ನಿಂತಿದ್ದಿತು. ಪಥವು ೫.೨೫ಕ್ಕೆ ಬಂದಿದ್ದುದರಿಂದ ಬದಿಪಟ್ಟಿಗೆ ಉಳಿದುದು ಮುಕ್ಕಾಲು ಮೀಟರ್ ಮಾತ್ರ. ಜನರು ಅತ್ಯಂತ ಹೆಚ್ಚಾಗಿ ಸೇರುವ ಸ್ಥಳದಲ್ಲಿಯೇ, ವಾಹನಗಳು ಓಡುವ ಅಂಚಿಗೂ ಏರಿಯ ಇಳಿಜಾರಿಗೂ ನಡುವೆ ಒಬ್ಬ ಮನುಷ್ಯನು ಗಂಟನ್ನು ಹೊತ್ತು ನೆಟ್ಟಗೆ ನಡೆಯುವಷ್ಟೂ ಎಡೆಯಿರಲಿಲ್ಲ. ಕಗ್ಗತ್ತಲೆಯಲ್ಲಿ ಲಾರಿಯ ದೀಪ ಎದುರಾದರೆ ಅವನು ಎಲ್ಲಿಗೆ ಸರಿಯಬೇಕು? ನಾವು ಯಾರ ದಾರಿಯನ್ನೂ ಕಿತ್ತುಕೊಳ್ಳಬೇಕೆಂದು ನಿರ್ಣಯಿಸಿರಲಿಲ್ಲ. ಆದರೂ ನಮ್ಮ ನಿರ್ಬಂಧವು ಆ ನಿರ್ಣಯವನ್ನು ನಮ್ಮ ಪರವಾಗಿ ಮೊದಲೇ ಮಾಡಿಬಿಟ್ಟಿದ್ದಿತು.

ಟ-ದ ದೂರವನ್ನು ಚ-ದಿಂದ ಅಳೆಯುವಂತೆ ಬದಲಾಯಿಸಿದೊಡನೆ ಎರಡೂವರೆ ಮೀಟರಿನ ಪಟ್ಟಿ ಮರಳಿ ಬಂದಿತು. ರಸ್ತೆಯ ಅಂಚು ೭.೭೫ ಮೀಟರಿಗೆ ಸರಿಯಿತು. ಇದು ಬೆಲೆಯಿಲ್ಲದೆ ಬಂದುದಲ್ಲ. ಪ್ರತಿ ಪಕ್ಕದಲ್ಲಿಯೂ ೧.೭೫ ಮೀಟರ್ ಹೆಚ್ಚು ನೆಲ ಬೇಕಾಯಿತು. ಅದು ಯಾರದೋ ಹೊಲ, ಯಾರದೋ ಅಂಗಡಿಯ ಕಟ್ಟೆ ಆಗಿರಬಹುದು. ಆದರೆ ಮೊದಲಿನ ನಕ್ಷೆ ಈ ಬೆಲೆಯನ್ನು ನಡೆಯುವವನ ಮೇಲೆ ಮೌನವಾಗಿ ಹೊರಿಸಿದ್ದಿತು. ಎರಡನೆಯದು ಅದನ್ನು ಎಲ್ಲರ ಮುಂದೆ ಚರ್ಚೆಗೆ ಇಟ್ಟಿತು. ಇದೇ ಈ ಎರಡಕ್ಕೂ ಇರುವ ಮುಖ್ಯ ಭೇದ.

ಹಾಗಾದರೆ ಮಧ್ಯರೇಖೆಯಿಂದ ಅಳೆಯುವುದೇ ತಪ್ಪೆಂದು ಭಾವಿಸಬಾರದು. ಪೇಟೆಯ ನಡುವೆ ಎರಡು ಕಡೆಯೂ ಮನೆಗಳ ಗೋಡೆಗಳಿದ್ದು ರಸ್ತೆಯ ಎಲ್ಲೆ ಕದಲದಂತಿರುವಾಗ, ಹೊರ ಅಂಚನ್ನು ಎಲ್ಲೆಗೇ ಕಟ್ಟಬೇಕು. ಆಗ ಪಥವನ್ನು ಎಷ್ಟು ಅಗಲಿಸಬಹುದೆಂಬುದಕ್ಕೆ ಮಿತಿಯನ್ನು ವಿಧಿಸಬೇಕು. ಆದುದರಿಂದ ಆಶ್ರಯವನ್ನು ಆರಿಸುವ ಮುನ್ನ ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದೇ: ಯಾವುದು ಕದಲಿದಾಗ ಯಾವುದು ಉಳಿಯಬೇಕು? ಇದಕ್ಕೆ ಉತ್ತರ ಜ್ಯಾಮಿತಿಯಲ್ಲಿ ಸಿಕ್ಕದು. ಸ್ಥಳವನ್ನೂ ಅಲ್ಲಿಯ ಜನರನ್ನೂ ಬಲ್ಲವರಲ್ಲಿ ಸಿಕ್ಕುವುದು. ಬಿಂದು ಕಟ್ಟಲ್ಪಟ್ಟಿದೆಯೇ ಎಂಬುದನ್ನು ಮಾತ್ರ ಕೆಂಪು ಬಣ್ಣ ತಿಳಿಸುತ್ತದೆ. ಯಾವುದಕ್ಕೆ ಕಟ್ಟಲ್ಪಟ್ಟಿದೆ, ಆ ಕಟ್ಟು ಯೋಗ್ಯವೇ ಎಂಬುದನ್ನು ತಿಳಿಸುವುದಿಲ್ಲ.

೭. ಹೆಸರಿಟ್ಟ ಮಾನಗಳು

ಆಶ್ರಯಗಳು ಸರಿಯಾದ ಮೇಲೆ ಮರುಬಳಕೆಗೆ ಬೇಕಾದ ಎರಡನೆಯ ಗುಣವೆಂದರೆ, ಬದಲಾಗಬಹುದಾದ ಅಳತೆಗಳಿಗೆ ಹೆಸರಿರುವುದು. ೩.೫ ಎಂಬ ಅಂಕಿಯನ್ನು ಬರಿಯ ಅಂಕಿಯಾಗಿ ಬರೆಯದೆ 'ಅರ್ಧಪಥದ ಅಗಲ' ಎಂದು ಹೆಸರಿಡಬೇಕು, ೨.೫ ಮೀಟರಿಗೆ 'ಬದಿಪಟ್ಟಿಯ ಅಗಲ' ಎಂದೂ, ಅರ್ಧ ಮೀಟರಿಗೆ 'ಪದರಿನ ದಪ್ಪ' ಎಂದೂ ಹೆಸರಿಡಬೇಕು. ತಂತ್ರಾಂಶವು ಹೀಗೆ ಹೆಸರಿಟ್ಟ ಅಳತೆಯನ್ನು ರಸ್ತೆಯ ಯಾವುದಾದರೊಂದು ಭಾಗದಲ್ಲಿ ಮಾತ್ರ ಬದಲಾಯಿಸಲು ಅವಕಾಶ ಕೊಡುತ್ತದೆ. ಇಲ್ಲಿಂದ ಅಲ್ಲಿಯವರೆಗೆ ಎರೆಮಣ್ಣು ಇರುವುದರಿಂದ ಗರಸಿನ ಪದರು ಹೆಚ್ಚು ದಪ್ಪವಿರಲಿ ಎಂದು ಒಂದೇ ಸಾಲಿನಲ್ಲಿ ಹೇಳಬಹುದು; ಘಟಕವನ್ನು ಮುಟ್ಟಬೇಕಾಗಿಲ್ಲ. ಎಡ ಬಲಗಳ ಅಳತೆಗಳು ಎಂದೆಂದಿಗೂ ಒಂದೇ ಆಗಿರಬೇಕಾದರೆ ಎರಡಕ್ಕೂ ಒಂದೇ ಹೆಸರು. ಮುಂದೆ ಬೇರೆಯಾಗಬಹುದೆಂದು ತೋರಿದರೆ ಬೇರೆ ಬೇರೆ ಹೆಸರು. ಅಂಕಿಗಳು ಇಂದು ಸಮವಾಗಿವೆಯೆಂಬ ಕಾರಣದಿಂದಲೇ ಒಂದು ಹೆಸರಿನಲ್ಲಿ ಬೆಸೆಯಕೂಡದು. ಆಕಸ್ಮಿಕ ಸಾಮ್ಯವನ್ನು ಸಂಬಂಧವೆಂದು ಭ್ರಮಿಸುವುದು ಇತಿಹಾಸಕಾರನ ಹಳೆಯ ದೋಷ; ನಕ್ಷೆ ಬರೆಯುವವನೂ ಅದಕ್ಕೆ ಹೊರತಲ್ಲ.

ಬಿಂದುಗಳ ಹೆಸರುಗಳ ಮಾತೂ ಹೀಗೆಯೇ. ಅಡ್ಡಕೊಯ್ತವು ಮಧ್ಯರೇಖೆಯ ಮೇಲೆ ನಡೆಯುವಾಗ ಒಂದು ನೆಲೆಯ ಬಿಂದುವನ್ನು ಮುಂದಿನ ನೆಲೆಯ ಅದೇ ಹೆಸರಿನ ಬಿಂದುವಿಗೆ ಸೇರಿಸಿ ರಸ್ತೆಯ ಉದ್ದನೆಯ ಗೆರೆಗಳು ಹುಟ್ಟುತ್ತವೆ. ಒಂದು ಟೆಂಪ್ಲೇಟಿನಲ್ಲಿ ಬದಿಪಟ್ಟಿಯ ಅಂಚಿಗೆ ಒಂದು ಹೆಸರು, ಮತ್ತೊಂದರಲ್ಲಿ ಬೇರೊಂದು ಹೆಸರಿದ್ದರೆ, ಅವೆರಡೂ ಸಂಧಿಸುವಲ್ಲಿ ಗೆರೆ ಕಡಿದುಹೋಗುವುದು. ಆದಕಾರಣ ಒಂದು ಕಚೇರಿಯವರೆಲ್ಲರೂ ಒಂದೇ ನಾಮಾವಳಿಯನ್ನು ಅನುಸರಿಸುವುದು ಅವಶ್ಯ.

೮. ಪರೀಕ್ಷೆ ಮತ್ತು ಭಂಡಾರ

ಘಟಕವನ್ನು ಭಂಡಾರಕ್ಕೆ ಸೇರಿಸುವ ಮೊದಲು ಅದನ್ನು ಪೀಡಿಸಿ ನೋಡಬೇಕು. ಅಗಲವನ್ನು ಕನಿಷ್ಠಕ್ಕೆ ಇಳಿಸಿ, ಗರಿಷ್ಠಕ್ಕೆ ಏರಿಸಿ ನೋಡಬೇಕು. ಇಳಿಜಾರನ್ನು ಎಡಕ್ಕೂ ಬಲಕ್ಕೂ ಪೂರ್ಣವಾಗಿ ವಾಲಿಸಿ ಪದರುಗಳ ದಪ್ಪವನ್ನು ಅಳೆಯಬೇಕು. ನೆಲವನ್ನು ರಸ್ತೆಗಿಂತ ಎತ್ತರದಲ್ಲಿಯೂ ತಗ್ಗಿನಲ್ಲಿಯೂ ಕಲ್ಪಿಸಿ ಏರಿಯೂ ಚರಂಡಿಯೂ ಸರದಿಯಂತೆ ಬರುತ್ತವೆಯೇ ಎಂದು ಪರೀಕ್ಷಿಸಬೇಕು. ಪ್ರತಿಯೊಂದು ಪರೀಕ್ಷೆಯಲ್ಲಿಯೂ ಆಕೃತಿ ಕೆಡಲಿಲ್ಲವೆಂಬುದರಿಂದಲೇ ತೃಪ್ತರಾಗದೆ, ಉಳಿಯಬೇಕಾದ ಅಳತೆ ಉಳಿಯಿತೇ ಎಂದು ಅಳೆದು ನೋಡಬೇಕು. ನಮ್ಮ ಮೊದಲನೆಯ ಘಟಕದಲ್ಲಿ ಆಕೃತಿ ಕೆಟ್ಟಿರಲಿಲ್ಲ, ಕೆಟ್ಟಿದ್ದುದು ಉದ್ದೇಶ.

ಭಂಡಾರಕ್ಕೆ ಸೇರಿದ ಮೇಲೆ ಮತ್ತೊಂದು ಎಚ್ಚರಿಕೆ ಬೇಕು. ಸದರ್‌ಲ್ಯಾಂಡರ ವ್ಯವಸ್ಥೆಯಲ್ಲಿ ಮೂಲವನ್ನು ತಿದ್ದಿದರೆ ಪ್ರತಿರೂಪಗಳೆಲ್ಲ ತಿದ್ದಿಕೊಳ್ಳುತ್ತಿದ್ದವೆಂದು ಹೇಳಿದೆವಷ್ಟೆ. ಇಲ್ಲಿ ಹಾಗಲ್ಲ. ಭಂಡಾರದ ಟೆಂಪ್ಲೇಟನ್ನು ಒಂದು ರಸ್ತೆಗೆ ಅನ್ವಯಿಸಿದಾಗ ಆ ರಸ್ತೆಯ ನಕ್ಷೆಯಲ್ಲಿ ಅದರ ನಕಲು ಉಳಿಯುತ್ತದೆ. ಅನಂತರ ಭಂಡಾರದ ಪ್ರತಿಯನ್ನು ತಿದ್ದಿದರೂ ನಕಲು ತಾನಾಗಿ ತಿದ್ದಿಕೊಳ್ಳುವುದಿಲ್ಲ. ಎರಡನ್ನೂ ಹೊಂದಿಸಲು ಬೇರೆಯಾಗಿ ಆಜ್ಞಾಪಿಸಬೇಕು. ಹಸ್ತಪ್ರತಿಗಳನ್ನು ಸಂಪಾದಿಸಿದವರಿಗೆ ಇದು ಪರಿಚಿತವಾದ ಸಂಗತಿ. ಒಂದು ಓಲೆಯಲ್ಲಿ ಲಿಪಿಕಾರನು ಮಾಡಿದ ತಪ್ಪನ್ನು ಆ ಓಲೆಯಲ್ಲಿಯೇ ತಿದ್ದ, ಅದರಿಂದ ಅದಕ್ಕೆ ಮುಂಚೆ ಹೊರಟ ಪ್ರತಿಗಳು ಮಾತ್ರ ಊರೂರಿನಲ್ಲಿ ತಪ್ಪನ್ನೇ ಹೇಳುತ್ತಿರುವುವು. ಮರುಬಳಕೆಯು ಒಳ್ಳೆಯ ಘಟಕವನ್ನು ಹೇಗೆ ಹರಡುವುದೋ ಕೆಟ್ಟುದನ್ನೂ ಅಷ್ಟೇ ವೇಗವಾಗಿ ಹರಡುವುದು. ಮುಕ್ಕಾಲು ಮೀಟರಿನ ಬದಿಪಟ್ಟಿ ನಮ್ಮ ಅಭ್ಯಾಸದ ಪುಟದಲ್ಲಿ ಒಂದೇ ಕಡೆ ಉಳಿಯಿತು. ಅದೇ ಘಟಕವು ಭಂಡಾರದಲ್ಲಿದ್ದು ಹತ್ತು ರಸ್ತೆಗಳಿಗೆ ಹೋಗಿದ್ದರೆ ಹತ್ತು ಊರುಗಳ ಜನ ಡಾಂಬರಿನ ಮೇಲೆ ನಡೆಯಬೇಕಾಗುತ್ತಿದ್ದಿತು.

ಆದುದರಿಂದ ಪ್ರತಿಯೊಂದು ಘಟಕದೊಡನೆ ಒಂದು ಟಿಪ್ಪಣಿಯನ್ನೂ ಇಡಬೇಕೆಂದು ನಮ್ಮ ಸೂಚನೆ. ಅದರಲ್ಲಿ ಅಳತೆಗಳನ್ನು ಮತ್ತೆ ಬರೆಯಬೇಕಾಗಿಲ್ಲ. ಅವು ಘಟಕದಲ್ಲಿಯೇ ಇವೆ. ಬರೆಯಬೇಕಾದುದು ಕಾರಣ: 'ಪಥವನ್ನು ಅಗಲಿಸಿದರೂ ನಡೆಯುವವರಿಗೆ ಎಡೆ ಉಳಿಯಲೆಂದು ಬದಿಪಟ್ಟಿಯನ್ನು ಪಥದ ಅಂಚಿಗೆ ಕಟ್ಟಿದೆ' ಎಂಬಂಥ ಒಂದು ವಾಕ್ಯ. ಮುಂದೆ ಆ ಘಟಕವನ್ನು ಕೈಗೆತ್ತಿಕೊಳ್ಳುವವರು ಕಟ್ಟನ್ನು ಬಿಚ್ಚುವುದಾದರೆ ತಿಳಿದು ಬಿಚ್ಚಲಿ.

೯. ಉಪಸಂಹಾರ

ಮೇಲಿನ ವಿವೇಚನೆಯಿಂದ ಮೂರು ಸಂಗತಿಗಳು ಸ್ಪಷ್ಟವಾಗುವುವು. ಬಿಂದುವಿಗೆ ಎರಡು ನಿರ್ಬಂಧಗಳಿಲ್ಲದೆ ಘಟಕವು ಮರುಬಳಕೆಗೆ ಬಾರದು. ಎರಡು ನಿರ್ಬಂಧಗಳಿದ್ದ ಮಾತ್ರಕ್ಕೆ ಅದು ಯೋಗ್ಯವೂ ಆಗದು. ಯೋಗ್ಯತೆಯು ಆಶ್ರಯಬಿಂದುವಿನ ಆಯ್ಕೆಯಲ್ಲಿದೆ. ಆ ಆಯ್ಕೆಯು ಯಾರಿಗೆ ಏನು ಉಳಿಯಬೇಕೆಂಬ ನಿರ್ಣಯವೇ ಆಗಿದೆ.

ಪಟ್ಟದಕಲ್ಲಿನ ಅಧಿಷ್ಠಾನವನ್ನು ನೋಡಿ ನಾವು ಶಿಲ್ಪಿಯ ನಿಯಮಗಳನ್ನು ಊಹಿಸುತ್ತೇವೆ. ಕಲ್ಲು ಇದೆ, ಕಾರಣವನ್ನು ನಾವು ಹುಡುಕಬೇಕು. ನಮ್ಮ ಕಾಲದ ರಸ್ತೆಗಳನ್ನು ಮುಂದೆ ಅಭ್ಯಾಸ ಮಾಡುವವರಿಗೆ ನಿಯಮಗಳು ಸಂಖ್ಯೆಯ ರೂಪದಲ್ಲಿ ದೊರೆಯಬಹುದು. ಕಾರಣವನ್ನು ನಾವೇ ಬರೆದಿಡದಿದ್ದರೆ ಅದು ಅವರಿಗೂ ದೊರೆಯದು. ತುಳಸಿಗೇರಿಯ ನಮ್ಮ ಅಭ್ಯಾಸದ ಘಟಕದೊಡನೆ ಈಗ ಅಂಥ ಟಿಪ್ಪಣಿಯೊಂದನ್ನು ಸೇರಿಸಿದ್ದೇವೆ. ಪ್ರಶ್ನೆ ಕೇಳಿದ ವಿದ್ಯಾರ್ಥಿಯೇ ಅದನ್ನು ಬರೆದುಕೊಟ್ಟನು.